ಕಿರಿಯನಿಗೆ ಇಟ್ಟ ಎಡೆ

(ಮಕ್ಕಳ ಸಾಹಿತ್ಯ ಕುರಿತ ದತ್ತಿ ಉಪನ್ಯಾಸದ ಪಠ್ಯ)



ಮಕ್ಕಳಿಗಾಗಿ ಹುಟ್ಟಿದ ಯಾವುದಾದರೂ ಒಂದೇ ಕೃತಿಯನ್ನು ಹಿಡಿದು ಮಾತಾಡಬೇಕು ಎಂಬುದು ಈ ದತ್ತಿಯ ನಿಯಮ. ಪ್ರಾಥಮಿಕ ಶಾಲೆಯಲ್ಲಿ ಬದುಕಿಡೀ ಪಾಠ ಹೇಳಿದ ತಾಯಿಯೊಬ್ಬರ ನೆನಪಿಗೆ ಅವರ ಮಕ್ಕಳು ಇಟ್ಟ ದತ್ತಿ ಇದು. ನನಗಿಂತ ಮೊದಲು ಇಲ್ಲಿ ನಿಂತವರೆಲ್ಲ ಪುಸ್ತಕಗಳನ್ನು ಆರಿಸಿಕೊಂಡರು. ನಾನು ಆರಿಸಿಕೊಂಡಿರುವುದು ಟಿವಿಯ ಕಾರ್ಟೂನ್ ಸರಣಿಯೊಂದರ ಒಂದು ಕಂತು. ಅದರೊಳಗೂ ನನ್ನ ಮಾತು ಹೆಚ್ಚಾಗಿ ನಾಲ್ಕು ನಿಮಿಷದ ಒಂದು ತುಣುಕಿನ ಸುತ್ತಲೇ ಇರುತ್ತದೆ. ಇದನ್ನು ನನಗೆ ತೋರಿಸಿದವಳು ನನ್ನ ಮೊಮ್ಮಗಳು. ಎಂಟು ವರ್ಷದವಳು. ಬೇಸಿಗೆ ರಜೆಯ ಒಂದು ಮಧ್ಯಾಹ್ನ ಆ ತುಣುಕು ಮುಗಿದಾಗ ಅವಳು ರಿಮೋಟು ಒತ್ತಿ ನಿಲ್ಲಿಸಿ ನನ್ನ ಕಡೆ ತಿರುಗಿದಳು.

"ಅಜ್ಜ, ಆ ತಾತ ಬೆಳಿಗ್ಗೇನೇ ಯಾಕೆ ಹೇಳಲಿಲ್ಲ?"

"ಏನನ್ನ?"

"ಇವತ್ತು ನನ್ನ ಮಗನ ಹುಟ್ಟಿದಹಬ್ಬ ಅಂತ."

ಆ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರ ಇರಲಿಲ್ಲ. ಈ ಉಪನ್ಯಾಸ ಹುಟ್ಟಿದ್ದು ಅಲ್ಲಿಂದ.

ಸರಣಿಯ ಹೆಸರು 'ಅವತಾರ್: ದ ಲಾಸ್ಟ್ ಏರ್‌ಬೆಂಡರ್'. ಮೈಕೆಲ್ ಡಾಂಟೆ ಡಿಮಾರ್ಟಿನೋ ಮತ್ತು ಬ್ರಯನ್ ಕೊನಿಯೆಟ್ಸ್ಕೊ ಎಂಬ ಇಬ್ಬರು ಗೆಳೆಯರು ಕಟ್ಟಿದ ಲೋಕ. ಅಮೆರಿಕದ ನಿಕೆಲೋಡಿಯನ್ ವಾಹಿನಿಯಲ್ಲಿ 2005ರ ಫೆಬ್ರವರಿಯಲ್ಲಿ ಶುರುವಾಗಿ 2008ರ ಜುಲೈಯಲ್ಲಿ ಮುಗಿಯಿತು. ಮೂರು ಭಾಗ, ಒಟ್ಟು 61 ಕಂತು. ನೀರು, ಮಣ್ಣು, ಬೆಂಕಿ, ಗಾಳಿ ಹೀಗೆ ನಾಲ್ಕು ನಾಡುಗಳು. ಆಯಾ ನಾಡಿನ ಕೆಲವರಿಗೆ ಆಯಾ ಭೂತವನ್ನು ಮೈಯ ಚಲನೆಯಿಂದಲೇ ಆಡಿಸುವ ವಿದ್ಯೆ ಸಿದ್ಧಿಸಿರುತ್ತದೆ. ನಾಲ್ಕನ್ನೂ ಬಲ್ಲವನು ಒಬ್ಬನೇ, ಜನ್ಮಜನ್ಮಕ್ಕೂ ಮತ್ತೆ ಹುಟ್ಟಿ ಬರುವವನು. ಅವನಿಗೆ ಆ ಲೋಕದಲ್ಲಿ ಇರುವ ಹೆಸರು ನಮ್ಮದೇ ಮಾತು, ಅವತಾರ. ಬೆಂಕಿ ನಾಡು ನೂರು ವರ್ಷದಿಂದ ಉಳಿದವರ ಮೇಲೆ ಯುದ್ಧ ನಡೆಸುತ್ತಿದೆ. ಆ ನೂರು ವರ್ಷವನ್ನೂ ಹಿಮಗಡ್ಡೆಯೊಳಗೆ ನಿದ್ದೆಯಲ್ಲಿ ಕಳೆದ ಹನ್ನೆರಡು ವರ್ಷದ ಹುಡುಗ, ಈಗಿನ ಅವತಾರನಾದ ಆಂಗ್, ಎದ್ದು ಬಂದು ಯುದ್ಧವನ್ನು ನಿಲ್ಲಿಸಬೇಕು. ನೀರಿನವರ ಚಲನೆಗೆ ತೈ ಚಿ, ಬೆಂಕಿಯವರಿಗೆ ಉತ್ತರ ಶಾವೊಲಿನ್ ಹೀಗೆ ಚೀನಾದ ಬೇರೆ ಬೇರೆ ಗರಡಿ ವಿದ್ಯೆಗಳನ್ನು ಗುರುವೊಬ್ಬರಿಂದ ಕೇಳಿ ತಿಳಿದು ಚಿತ್ರಿಸಿದ್ದಾರೆ. ಕಥೆ, ಮಾತು, ವಿನ್ಯಾಸ ಅಮೆರಿಕದಲ್ಲಿ ಆದರೆ, ಚಿತ್ರಗಳಿಗೆ ಚಲನೆ ಬಂದದ್ದು ದಕ್ಷಿಣ ಕೊರಿಯಾದ ಸ್ಟುಡಿಯೋಗಳಲ್ಲಿ.

ನಾನು ಹೇಳುವ ಕಂತು ಎರಡನೆಯ ಭಾಗದ ಹದಿನೈದನೆಯದು, 'ಬಾ ಸಿಂಗ್ ಸೇಯ ಕಥೆಗಳು'. ಮೊದಲ ಪ್ರಸಾರ 2006ರ ಸೆಪ್ಟೆಂಬರ್ 29. ಬಾ ಸಿಂಗ್ ಸೇ ಎಂದರೆ ಮಣ್ಣಿನ ನಾಡಿನ ರಾಜಧಾನಿ. ಕೋಟೆಯೊಳಗೆ ಕೋಟೆ, ಬಡವರಿಗೊಂದು ಸುತ್ತು, ಉಳ್ಳವರಿಗೊಂದು ಸುತ್ತು. ಹೊರಗೆ ಯುದ್ಧ ನಡೆಯುತ್ತಿದ್ದರೂ ಒಳಗೆ ಅದರ ಹೆಸರೆತ್ತುವ ಹಾಗಿಲ್ಲ, ಗುಪ್ತ ಪೊಲೀಸರ ಕಣ್ಣು ಎಲ್ಲ ಕಡೆ. ಸರಣಿಯ ಮುಖ್ಯ ಕಥೆ ಈ ಕಂತಿನಲ್ಲಿ ಹೆಚ್ಚೇನೂ ಮುಂದೆ ಹೋಗುವುದಿಲ್ಲ. ಆ ಊರಿನ ಆರು ಪುಟ್ಟ ಕಥೆಗಳು ಒಂದರ ಹಿಂದೆ ಒಂದು ಬರುತ್ತವೆ, ಅಷ್ಟೆ. ಧಾರಾವಾಹಿ ಬರೆಯುವವರು ಇದನ್ನು ಸಾಮಾನ್ಯವಾಗಿ ಹೊತ್ತು ತುಂಬಿಸಲು ಮಾಡುತ್ತಾರೆ. ಇಲ್ಲಿ ಸರಣಿಯ ಅತ್ಯುತ್ತಮ ಬರವಣಿಗೆ ಆ ಬಿಡುವಿನಲ್ಲೇ ಆಗಿಹೋಗಿದೆ ಎಂಬುದು ನನ್ನ ಅಭಿಪ್ರಾಯ.

ಆರನ್ನೂ ಒಂದೇ ತೂಕದಲ್ಲಿ ಮೆಚ್ಚಲಾರೆ. ಆಂಗ್ ಮೃಗಾಲಯದ ಪ್ರಾಣಿಗಳನ್ನು ಕೋಟೆಯಾಚೆ ಸಾಗಿಸುವ ಕಥೆ ಮಕ್ಕಳನ್ನು ನಗಿಸಿ ಅಲ್ಲಿಗೇ ಮುಗಿಯುತ್ತದೆ. ಸಾಕಾ ಎಂಬ ಹುಡುಗ ಹೈಕು ಗೋಷ್ಠಿಯೊಂದಕ್ಕೆ ತಪ್ಪಿ ಕಾಲಿಟ್ಟು, ಐದು ಏಳು ಐದರ ಲೆಕ್ಕದಲ್ಲಿ ಭರದಿಂದ ಪದ್ಯ ಹೊಸೆದು, ಕೊನೆಗೆ ಒಂದೇ ಒಂದು ಉಚ್ಚಾರಾಂಶ ಹೆಚ್ಚಾಗಿ ಹೊರದಬ್ಬಿಸಿಕೊಳ್ಳುವ ಕಥೆಯನ್ನು ಛಂದಸ್ಸು ಕಲಿಸುವ ಮೇಷ್ಟರುಗಳು ತರಗತಿಯಲ್ಲಿ ತೋರಿಸಬಹುದು. ಕಣ್ಣು ಕಾಣದ ಟಾಫ್ ಎಂಬ ಹುಡುಗಿ ಗೆಳತಿ ಕಟಾರಾಳ ಜೊತೆ ಮೊದಲ ಸಲ ಅಲಂಕಾರ ಮಾಡಿಸಿಕೊಂಡು ಬರುವಾಗ ಸೇತುವೆಯ ಮೇಲೆ ಹುಡುಗಿಯರು ಅವಳನ್ನು ಆಡಿಕೊಳ್ಳುತ್ತಾರೆ. ಅವಳು ಸೇತುವೆಯನ್ನೇ ಬಾಯ್ತೆರೆಸಿ ಅವರನ್ನು ಹೊಳೆಗೆ ಬೀಳಿಸುತ್ತಾಳೆ. ಆಮೇಲೆ, ನಾನು ಹೇಗೆ ಕಾಣುತ್ತೇನೋ ನನಗೇ ಗೊತ್ತಿಲ್ಲ, ಅದು ನನಗೆ ಬೇಕೂ ಇಲ್ಲ ಎನ್ನುವಾಗ ಅವಳ ಕೆನ್ನೆಯ ಮೇಲೆ ನೀರಿಳಿಯುತ್ತದೆ. ಅದು ಒಳ್ಳೆಯ ಕಥೆ. ಅದರ ಬಗ್ಗೆ ಮಾತಾಡುವ ಹಕ್ಕು ನನಗಿಂತ ಹೆಚ್ಚಾಗಿ ಹೆಣ್ಣುಮಕ್ಕಳದು.

ಈಗ ಎರಡನೆಯ ಕಥೆಗೆ ಬರುತ್ತೇನೆ, ಐರೋನ ಕಥೆಗೆ.

ಐರೋ ಯಾರೆಂದು ಗೊತ್ತಿಲ್ಲದವರು ಇದನ್ನು ನೋಡಿದರೆ ಕಾಣುವುದು ಇಷ್ಟೆ. ಹೊಟ್ಟೆ ಮುಂದೆ ಬಂದ, ಬಿಳಿಗಡ್ಡದ ಮುದುಕನೊಬ್ಬ ಸಂತೆ ಬೀದಿಗೆ ಬಂದು ಒಂದು ಬುಟ್ಟಿ ಕೊಳ್ಳುತ್ತಾನೆ. ಅಂಗಡಿಯವನು, ಯಾರೋ ಹೆಂಗಸಿನ ಜೊತೆ ವನಭೋಜನ ಇರಬೇಕು ಎಂದು ಊಹಿಸುತ್ತಾನೆ. ಹಾಗಲ್ಲ, ಆದರೆ ವಿಶೇಷದ ದಿನ ಹೌದು ಎನ್ನುತ್ತಾನೆ ಮುದುಕ. ಹೊರಡುವಾಗ ಅಂಗಡಿಯಲ್ಲಿದ್ದ ಹೂವಿನ ಗಿಡವೊಂದನ್ನು ಬಿಸಿಲಿನಿಂದ ತುಸು ನೆರಳಿಗೆ ಸರಿಸುತ್ತಾನೆ. ಅದು ಬೆಳುದಿಂಗಳ ಹೂವು, ಅರೆ ನೆರಳು ಬೇಡುವ ಜಾತಿ. ಮುಂದೆ ಒಂದು ಮಗು ಹಟ ಹಿಡಿದು ಅಳುತ್ತಿದೆ, ತಾಯಿ ಸೋತಿದ್ದಾಳೆ. ಮುದುಕ ಪಕ್ಕದಲ್ಲಿದ್ದ ತಂತಿವಾದ್ಯ ಎತ್ತಿಕೊಂಡು, ಮನೆಗೆ ಮರಳುವ ಪುಟ್ಟ ಸಿಪಾಯಿಯ ಹಾಡೊಂದನ್ನು ಹೇಳುತ್ತಾನೆ. ಮಗು ನಕ್ಕು ಅವನ ಗಡ್ಡ ಎಳೆಯುತ್ತದೆ. ಮತ್ತೊಂದು ಬೀದಿಯಲ್ಲಿ ಚೆಂಡಾಡುವ ಹುಡುಗರ ಕೈಯಿಂದ ಯಾರದೋ ಕಿಟಕಿ ಒಡೆಯುತ್ತದೆ. ತಪ್ಪು ಮಾಡಿದರೆ ಒಪ್ಪಿಕೊಂಡು ಸರಿಪಡಿಸುವುದೇ ಗೌರವ ಎಂದು ಮುದುಕ ಬುದ್ಧಿ ಹೇಳುತ್ತಿರುವಾಗಲೇ ಕಿಟಕಿಯಲ್ಲಿ ಆಳೆತ್ತರದ ಒಬ್ಬ ಕೆರಳಿ ಕಾಣಿಸಿಕೊಳ್ಳುತ್ತಾನೆ. ಇದೊಂದು ಸಲ ಬೇಡ, ಓಡಿ ಎಂದು ಮುದುಕ ತಾನೂ ಓಟ ಕೀಳುತ್ತಾನೆ.

ಆಮೇಲೆ ಸಂದಿಯೊಂದರಲ್ಲಿ ಯುವಕನೊಬ್ಬ ಚಾಕು ಹಿಡಿದು ಅಡ್ಡ ನಿಲ್ಲುತ್ತಾನೆ. ಈ ಭಾಗವನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಮುದುಕ ಹೆದರುವುದಿಲ್ಲ, ಹೊಡೆಯುವುದೂ ಇಲ್ಲ. ಮೊದಲು ಅವನು ನೋಡುವುದು ಆ ಹುಡುಗ ನಿಂತ ಭಂಗಿಯನ್ನು. ಹೀಗೆ ನಿಂತರೆ ಯಾರು ಬೇಕಾದರೂ ನಿನ್ನನ್ನು ಉರುಳಿಸಬಹುದು ಎಂದು ಒಮ್ಮೆ ಉರುಳಿಸಿ ತೋರಿಸಿ, ಕೈ ಕೊಟ್ಟು ಎಬ್ಬಿಸಿ, ಕಾಲು ಎಲ್ಲಿಡಬೇಕು, ಬೆನ್ನು ಹೇಗಿರಬೇಕು ಎಂದು ತಿದ್ದುತ್ತಾನೆ. ಗರಡಿಯ ಉಸ್ತಾದ ಹೊಸ ಹುಡುಗನಿಗೆ ಹೇಳಿಕೊಡುವಂತೆಯೇ. ತಿದ್ದಿ ಆದಮೇಲೆ ಮುಖ ನೋಡಿ, ನೀನು ಕಳ್ಳನಂತೆ ಕಾಣುವುದಿಲ್ಲವಲ್ಲ ಎನ್ನುತ್ತಾನೆ. ಇಬ್ಬರೂ ಚಹಾ ಕುಡಿಯುತ್ತಾರೆ. ಮೈ ನೀವುವ ಕಸುಬು ಕಲಿಯಬೇಕೆಂಬ ಆಸೆಯನ್ನು ಆ ಹುಡುಗ ಹೇಳಿಕೊಳ್ಳುತ್ತಾನೆ. ಇದುವರೆಗೆ ಅದನ್ನು ಯಾರೂ ನಂಬಿರಲಿಲ್ಲ. ಉಪದೇಶದ ಮಾತು ಇದೆ, ಆದರೆ ಅದು ಭಂಗಿ ತಿದ್ದಿದ ಮೇಲೆ ಬರುತ್ತದೆ. ಶಿಕ್ಷಕರಾದವರು ಈ ಕ್ರಮವನ್ನು ಗಮನಿಸಬೇಕೆಂದು ಕೇಳಿಕೊಳ್ಳುತ್ತೇನೆ. ಮುಂದಿರುವ ಮಗು ಮಾಡುತ್ತಿರುವ ಕೆಲಸವನ್ನು ಮೊದಲು ಗೌರವದಿಂದ ನೋಡಬೇಕು, ಆ ಕೆಲಸ ತಪ್ಪೇ ಆಗಿದ್ದರೂ.

ಇಷ್ಟು ಹೊತ್ತೂ ಬುಟ್ಟಿ ಮುದುಕನ ಜೊತೆಯಲ್ಲೇ ಇದೆ.

ಸಂಜೆಯಾಗುತ್ತದೆ. ಊರು ಕಾಣುವ ಒಂದು ಗುಡ್ಡ, ಮೇಲೊಂದು ಮರ. ಮುದುಕ ಬುಟ್ಟಿ ಬಿಚ್ಚಿ ಒಳಗಿದ್ದುದನ್ನು ಮರದ ಬುಡದಲ್ಲಿ ಜೋಡಿಸಿ, ಸೈನಿಕನ ಉಡುಪಿನ ತರುಣನ ಒಂದು ಚಿತ್ರ ಇಟ್ಟು, ಊದುಬತ್ತಿ ಹಚ್ಚುತ್ತಾನೆ. ಅದು ಅವನ ಮಗ ಲೂ ಟೆನ್. ಇಂದು ಮಗನ ಹುಟ್ಟಿದ ದಿನ. ನಿನಗೆ ನೆರವಾಗಲು ನನ್ನಿಂದ ಆಗಿದ್ದರೆ ಎಂಬ ಅರ್ಥದ ಒಂದು ಮಾತು ಆಡುತ್ತಾನೆ. ಬೆಳಿಗ್ಗೆ ಅಳುವ ಮಗುವಿಗೆ ಹೇಳಿದ ಅದೇ ಹಾಡನ್ನು ಮತ್ತೆ ಶುರು ಮಾಡುತ್ತಾನೆ. ಸಂತೆಯಲ್ಲಿ ಅದು ಜೋಗುಳವಾಗಿತ್ತು. ಇಲ್ಲಿ ನಡುವೆಯೇ ದನಿ ಒಡೆಯುತ್ತದೆ.

ನಮ್ಮ ಕಡೆ ಇದಕ್ಕೆ ಒಂದು ಮಾತಿದೆ, ಎಡೆ ಇಡುವುದು. ಮಹಾಲಯ ಅಮಾವಾಸ್ಯೆಗೆ ಹೋದವರ ಫೋಟೋ ಮುಂದೆ ಅವರಿಗೆ ಇಷ್ಟವಾದದ್ದನ್ನು ಬಡಿಸಿಟ್ಟು ಬಾಗಿಲು ಮುಂದೆ ಮಾಡಿ ತುಸು ಹೊತ್ತು ಹೊರಗೆ ಕಾಯುತ್ತೇವೆ. ಅದನ್ನು ಹಿರಿಯರ ಹಬ್ಬ ಎನ್ನುತ್ತೇವೆ. ಎಡೆ ಹಿರಿಯರಿಗೆ, ಇಡುವವರು ಕಿರಿಯರು. ಐರೋನ ಬುಟ್ಟಿಯಲ್ಲಿದ್ದುದು ಎಡೆಯೇ, ಆದರೆ ಕಿರಿಯನಿಗೆ. ಹತ್ತನೆಯ ಶತಮಾನದ ನಮ್ಮ ರನ್ನನಿಗೆ ಈ ಏರುಪೇರು ಚೆನ್ನಾಗಿ ಗೊತ್ತಿತ್ತು. ಗದಾಯುದ್ಧದ ದುರ್ಯೋಧನ ಹೆಣಗಳ ನಡುವೆ ನಡೆಯುವಾಗ ಮಗ ಲಕ್ಷಣಕುಮಾರನನ್ನು ಕಂಡು, ಮಗ ತಂದೆಗೆ ನೀರು ಬಿಡಬೇಕಾದ ಕ್ರಮ ತಲೆಕೆಳಗಾಯಿತೆಂದು ಮರುಗುತ್ತಾನೆ. ಅದೇ ನಡಿಗೆಯಲ್ಲಿ ಅವನು ಅಭಿಮನ್ಯುವಿನ ಮುಂದೆಯೂ ನಿಲ್ಲುತ್ತಾನೆ, ಹಗೆಯ ಮಗನೆಂದು ಮುಖ ತಿರುಗಿಸದೆ ಅವನ ಸಾಹಸವನ್ನು ಕೊಂಡಾಡುತ್ತಾನೆ. ತನ್ನ ಮಗ, ಹಗೆಯ ಮಗ ಇಬ್ಬರಿಗೂ ಮರುಗುವಷ್ಟು ದೊಡ್ಡ ಎದೆಯನ್ನು ರನ್ನ ಅವನಿಗೆ ಕೊಟ್ಟ. ಆದರೂ ಆ ದುರ್ಯೋಧನ ಯುದ್ಧದಿಂದ ಹಿಂದೆ ಸರಿಯಲಿಲ್ಲ.

ಐರೋ ಸರಿದ. ಅವನ ಹಿಂದಿನ ಕಥೆಯನ್ನು ಈಗ ಹೇಳಬೇಕು. ಅವನು ಬೆಂಕಿ ನಾಡಿನ ದೊರೆಯ ಹಿರಿಯ ಮಗ, ಪಟ್ಟಕ್ಕೆ ಬರಬೇಕಾದವನು, ಹೆಸರಾಂತ ದಂಡನಾಯಕ. ಇದೇ ಬಾ ಸಿಂಗ್ ಸೇಗೆ 600 ದಿನ ಮುತ್ತಿಗೆ ಹಾಕಿ ಹೊರಕೋಟೆಯನ್ನು ಒಡೆದಿದ್ದ. ಹಿಂದಿನ ಒಂದು ಕಂತಿನಲ್ಲಿ, ಮುತ್ತಿಗೆಯ ಪಾಳೆಯದಿಂದ ಅವನು ಮನೆಗೆ ಬರೆದ ಪತ್ರವೊಂದು ಬರುತ್ತದೆ. ಊರು ಬಲು ಸೊಗಸಾಗಿದೆ, ಸುಟ್ಟು ನೆಲಸಮ ಮಾಡದೆ ಉಳಿಸಿದರೆ ನೀವೂ ಬಂದು ನೋಡಬಹುದು ಎಂದು ತಮಾಷೆಗೆ ಬರೆದಿರುತ್ತಾನೆ. ಅರಮನೆಯ ಮಕ್ಕಳು ಅದನ್ನು ಓದಿ ನಗುತ್ತಾರೆ. ಸ್ವಲ್ಪ ಹೊತ್ತಿಗೆ ಇನ್ನೊಂದು ಸುದ್ದಿ ಬರುತ್ತದೆ, ಲೂ ಟೆನ್ ಯುದ್ಧದಲ್ಲಿ ಸತ್ತ ಸುದ್ದಿ. ಐರೋ ಮುತ್ತಿಗೆ ಬಿಟ್ಟು ಹಿಂದಿರುಗುತ್ತಾನೆ. ಸಿಂಹಾಸನ ತಮ್ಮನ ಪಾಲಾಗುತ್ತದೆ. ಈಗ ಅದೇ ಊರಿಗೆ ಅವನು ನಿರಾಶ್ರಿತನಾಗಿ, ಹೆಸರು ಮರೆಸಿಕೊಂಡು ಬಂದಿದ್ದಾನೆ, ಬಡವರ ಸುತ್ತಿನ ಚಹಾದಂಗಡಿಯಲ್ಲಿ ದುಡಿಯುತ್ತಿದ್ದಾನೆ.

ಐರೋನ ಕಥೆಯ ನಾಲ್ಕು ನಿಮಿಷದಲ್ಲಿ ಇದರ ಒಂದಕ್ಷರವೂ ಇಲ್ಲ. ಮುತ್ತಿಗೆಯ ಮಾತಿಲ್ಲ, ನೆನಪಿನ ದೃಶ್ಯವಿಲ್ಲ, ಪಶ್ಚಾತ್ತಾಪದ ಭಾಷಣವಿಲ್ಲ. ಹಿಂದಿನ ಕಂತುಗಳನ್ನು ನೋಡಿದ ಮಗು ತಾನೇ ಜೋಡಿಸಿಕೊಳ್ಳಬೇಕು. ನನ್ನ ಮೊಮ್ಮಗಳು ಜೋಡಿಸಿಕೊಂಡಳು. ಎರಡನೆಯ ಸಲ ನೋಡುವಾಗ ಬುಟ್ಟಿ ಕೊಳ್ಳುವ ಜಾಗಕ್ಕೆ ಬಂದ ಕೂಡಲೇ "ಅಜ್ಜ, ಹೇಳಿದ್ದಾರೆ!" ಎಂದು ಕೂಗಿದಳು. ಹೌದು, ವಿಶೇಷದ ದಿನ ಎಂದು ಅವನು ಬೆಳಿಗ್ಗೆಯೇ ಹೇಳಿದ್ದ. ಅಂಗಡಿಯವನಿಗೂ ನಮಗೂ ಅದು ವನಭೋಜನದ ಮಾತಾಗಿ ಕೇಳಿಸಿತ್ತು.

ಈ ಕಥೆಯನ್ನು ಮೊದಲ ಸಲ ನೋಡುವುದು ಮೊದಲಿನಿಂದ ಕೊನೆಗೆ, ಎರಡನೆಯ ಸಲ ಕೊನೆಯಿಂದ ಮೊದಲಿಗೆ. ಗುಡ್ಡವನ್ನು ನೋಡಿ ಬಂದವರಿಗೆ ಸಂತೆ ಬೇರೆಯಾಗಿ ಕಾಣುತ್ತದೆ. ಅಳುವ ಕೂಸು, ಚೆಂಡಾಡುವ ಹುಡುಗರು, ದಾರಿ ತಪ್ಪಿದ ತರುಣ: ಒಬ್ಬ ತಂದೆ ತನ್ನ ಮಗನ ಎಲ್ಲ ವಯಸ್ಸುಗಳನ್ನೂ ಆ ದಿನ ಬೀದಿಯಲ್ಲಿ ಒಂದೊಂದಾಗಿ ಕಂಡಿದ್ದಾನೆ, ಒಬ್ಬೊಬ್ಬನಿಗೂ ಕೈಲಾದದ್ದು ಮಾಡಿದ್ದಾನೆ. ಈ ಎಲ್ಲರೂ ಅವನು ಒಮ್ಮೆ ಸುಡಲು ಬಂದಿದ್ದ ಊರಿನ ಮಕ್ಕಳು. ಅವನ ಮಗನನ್ನು ಕೊಂದ ಊರಿನ ಮಕ್ಕಳು ಎಂದೂ ಹೇಳಬಹುದು. ದುಃಖವನ್ನು ಮರೆಯಲು ಅವನು ಉಪಕಾರ ಮಾಡುತ್ತಿಲ್ಲ. ಆ ದಿನವಿಡೀ ಅವನು ಮಾಡಿದ್ದೆಲ್ಲ ದುಃಖವೇ. ಪುತ್ರಶೋಕಂ ನಿರಂತರಂ ಎಂದು ಸಾವಿನ ಮನೆಗಳಲ್ಲಿ ಹೇಳುತ್ತಾರಲ್ಲ, ಆ ನಿರಂತರ ಎಂಬುದಕ್ಕೆ ಹೀಗೂ ಒಂದು ಅರ್ಥ ಇರಬಹುದೆಂದು ನನಗೆ ತೋರಿಸಿದ್ದು ಈ ಕಾರ್ಟೂನು.

ಇಂಥದ್ದನ್ನು ಮಕ್ಕಳಿಗೆ ತೋರಿಸಬಹುದೇ ಎಂದು ಕೇಳುವವರಿದ್ದಾರೆ. ಸಾವಿನ ಮಾತು ಬಂದರೆ ಚಾನೆಲ್ ಬದಲಿಸುವ ಮನೆಗಳನ್ನು ನಾನು ಕಂಡಿದ್ದೇನೆ. ಗೋವಿನ ಹಾಡನ್ನು ನಾವು ಯಾವ ವಯಸ್ಸಿನಲ್ಲಿ ಕಲಿತೆವು? ಸಾಯಲು ಹೊರಟ ತಾಯಿ ತನ್ನ ಕರುವನ್ನು ಬೇರೆ ಹಸುಗಳ ಕೈಗೊಪ್ಪಿಸುವ ಕಡೆ ಇಡೀ ತರಗತಿ ಅತ್ತಿತ್ತು. ಅದರಿಂದ ನಮಗೆ ಯಾವ ಕೇಡೂ ಆಗಲಿಲ್ಲ. ಮಗು ದೊಡ್ಡವರ ಅಳುವನ್ನು ಬಾಗಿಲ ಸಂದಿಯಿಂದ ಹೇಗೂ ನೋಡಿರುತ್ತದೆ. ಯಾರೂ ಅದರ ಪಕ್ಕ ಕೂತು ನೋಡುವುದಿಲ್ಲ, ಅಷ್ಟೆ.

2024ರಲ್ಲಿ ಇದೇ ಸರಣಿಯನ್ನು ನೆಟ್‌ಫ್ಲಿಕ್ಸ್ ನಿಜ ನಟರನ್ನಿಟ್ಟು ಮತ್ತೆ ತೆಗೆದಾಗ ಲೂ ಟೆನ್‌ನ ಅಂತ್ಯಕ್ರಿಯೆಯನ್ನೇ ತೋರಿಸಿ, ಹಿನ್ನೆಲೆಯಲ್ಲಿ ಆ ಹಾಡಿನ ಧಾಟಿಯನ್ನು ವಾದ್ಯದಲ್ಲಿ ನುಡಿಸಿದರು. ದೃಶ್ಯ ಚೆನ್ನಾಗಿತ್ತು, ನನ್ನ ಕಣ್ಣೂ ಒದ್ದೆಯಾಯಿತು. ಆದರೆ ಅಲ್ಲಿ ದುಃಖ ಸಾವಿನ ಮನೆಯಲ್ಲಿದೆ, ಇರಬೇಕಾದ ಜಾಗದಲ್ಲೇ ಇದೆ. ಮೂಲದಲ್ಲಿ ಅದು ಸಂತೆಗೆ ಬಂದು ಬುಟ್ಟಿ ಕೊಂಡಿತ್ತು.

ಗುಡ್ಡದ ದೃಶ್ಯ ಮುಗಿದಾಗ ತೆರೆಯ ಮೇಲೆ ಒಂದು ಸಾಲು ಬರುತ್ತದೆ, ಇದು ಮಾಕೋ ಅವರ ಗೌರವಾರ್ಥ ಎಂದು. ಐರೋನಿಗೆ ದನಿ ಕೊಟ್ಟವರು ಮಾಕೋ. ಕಂತು ಪ್ರಸಾರವಾಗುವ ಎರಡು ತಿಂಗಳ ಹಿಂದೆ, 2006ರ ಜುಲೈ 21ರಂದು, ಅನ್ನನಾಳದ ಕ್ಯಾನ್ಸರಿನಿಂದ 72ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅಮೆರಿಕದ ಕಾರ್ಟೂನುಗಳಲ್ಲಿ ಸಾಮಾನ್ಯವಾಗಿ ಮೊದಲು ದನಿ, ಆಮೇಲೆ ಚಿತ್ರ. ಕಲಾವಿದರು ಆ ದನಿಗೆ ತಕ್ಕಂತೆ ತುಟಿ, ಕಣ್ಣು, ಭುಜ ಬರೆಯುತ್ತಾರೆ. ಮುಂದಿನ ಭಾಗದಲ್ಲಿ ಐರೋನ ದನಿ ಗ್ರೆಗ್ ಬಾಲ್ಡ್‌ವಿನ್ ಅವರದು. ಅವರು ಮಾಕೋ ದನಿಯನ್ನು ಶ್ರದ್ಧೆಯಿಂದ ಮುಂದುವರಿಸಿದರು.

ಮಾಕೋ ಬದುಕನ್ನು ತುಸು ಹೇಳದೆ ಮುಂದೆ ಹೋಗಲಾರೆ. ಪೂರ್ಣ ಹೆಸರು ಮಾಕೋತೋ ಇವಾಮತ್ಸು. ಹುಟ್ಟಿದ್ದು 1933ರಲ್ಲಿ, ಜಪಾನಿನ ಕೋಬೆಯಲ್ಲಿ. ತಂದೆ ತಾಯಿ ಇಬ್ಬರೂ ಚಿತ್ರಕಾರರು, ಆಗಿನ ಸೈನಿಕ ಆಳ್ವಿಕೆಯನ್ನು ವಿರೋಧಿಸಿ ಸೆರೆ ಕಂಡವರು. 1939ರಲ್ಲಿ ಅವರು ಅಮೆರಿಕಕ್ಕೆ ಹೋದಾಗ ಪುಟ್ಟ ಮಾಕೋನನ್ನು ಅಜ್ಜ ಅಜ್ಜಿಯ ಬಳಿ ಬಿಟ್ಟುಹೋದರು. ನಡುವೆ ಯುದ್ಧ ಬಂತು. ಹುಡುಗ ಹೆತ್ತವರನ್ನು ಸೇರಿದ್ದು ಸುಮಾರು ಹತ್ತು ವರ್ಷದ ಮೇಲೆ. ಹುಡುಗ ಬೆಳೆದು ನಟನಾಗಿ, 'ದ ಸ್ಯಾಂಡ್ ಪೆಬಲ್ಸ್' ಚಿತ್ರಕ್ಕೆ ಆಸ್ಕರ್ ನಾಮನಿರ್ದೇಶನ ಪಡೆದರು. ಏಷ್ಯಾ ಮೂಲದ ನಟರಿಗೆ ಅಡುಗೆಯವನ, ಅಗಸನ ಪಾತ್ರಗಳನ್ನು ಬಿಟ್ಟರೆ ಬೇರೇನೂ ಸಿಗದಿದ್ದ ಕಾಲದಲ್ಲಿ, 1965ರಲ್ಲಿ, ಗೆಳೆಯರ ಜೊತೆ ಸೇರಿ ಲಾಸ್ ಏಂಜಲೀಸ್‌ನಲ್ಲಿ ಈಸ್ಟ್ ವೆಸ್ಟ್ ಪ್ಲೇಯರ್ಸ್ ಎಂಬ ರಂಗತಂಡ ಕಟ್ಟಿದರು.

ಮಕ್ಕಳ ಸಾಹಿತ್ಯ ಓದುವವರಿಗೆ ಅವರ ತಂದೆಯೂ ಗೊತ್ತಿರಬೇಕು, ಟಾರೋ ಯಾಶಿಮಾ ಎಂಬ ಹೆಸರಿನಲ್ಲಿ. ಶಾಲೆಯಲ್ಲಿ ಯಾರೂ ಮಾತಾಡಿಸದ ಒಬ್ಬ ಹಳ್ಳಿ ಹುಡುಗನ ಕಥೆ 'ಕ್ರೋ ಬಾಯ್' ಅವರದು, 1955ರ ಚಿತ್ರಪುಸ್ತಕ. ಆ ಹುಡುಗ ಕಾಗೆಗಳ ಕೂಗನ್ನು, ಸುಖದ ಕೂಗು ಬೇರೆ, ಸಾವಿನ ಕೂಗು ಬೇರೆ, ಹಾಗೆ ಹಾಗೇ ಕೂಗಬಲ್ಲ ಎಂಬುದನ್ನು ಕಂಡುಕೊಂಡವರು ಒಬ್ಬ ಮೇಷ್ಟರು. 1958ರ ಇನ್ನೊಂದು ಪುಸ್ತಕ 'ಅಂಬ್ರೆಲಾ'. ಹೊಸ ಕೊಡೆ ಬಂದಾಗಿನಿಂದ ಮಳೆಗೆ ಕಾಯುವ ಪುಟ್ಟ ಹುಡುಗಿಯ ಕಥೆ. ಅವಳ ಹೆಸರು ಮೋಮೋ, ಯಾಶಿಮಾರ ಮಗಳ ಹೆಸರೇ. ಮಾಕೋ ಅವರ ತಂಗಿ.

ನಮ್ಮ ಕಂತಿನ ಕೊನೆಯ ಕಥೆಯೂ ಮೋಮೋನದು, ಅದರಲ್ಲಿಯೂ ಮಳೆ ಇದೆ. ಇದು ಆಕಸ್ಮಿಕವೇ ಇರಬೇಕು, ಇದರ ಮೇಲೆ ನಾನು ಯಾವ ವಾದವನ್ನೂ ಕಟ್ಟುವುದಿಲ್ಲ. ಸರಣಿಯ ಮೋಮೋ ಅಳಿಲಿನಷ್ಟು ಹಗುರಾದ, ರೆಕ್ಕೆಯಂಥ ತೊಗಲಿರುವ, ದೊಡ್ಡ ಕಣ್ಣಿನ ಪ್ರಾಣಿ. ಅದಕ್ಕೆ ಮಾತು ಬಾರದು. ಅದರ ಗೆಳೆಯ ಆರು ಕಾಲಿನ, ಹಾರುವ, ಬಿಳಿಯ ಒಂದು ಕಾಡುಕೋಣ. ಕಳ್ಳರು ಆ ಕೋಣವನ್ನು ಕದ್ದು ಕಂತುಗಳೇ ಕಳೆದಿವೆ. ಕೋಣದ ಹೆಸರು ಅಪ್ಪಾ.

ಆ ಹೆಸರನ್ನು ಏಕೆ ಇಟ್ಟರೋ, ಆ ಚರ್ಚೆ ಇಲ್ಲಿ ಬೇಡ. ಕೊರಿಯಾದ ಮಕ್ಕಳೂ ತಂದೆಯನ್ನು ಹಾಗೇ ಕರೆಯುತ್ತಾರೆ, ನಾವೂ ಹಾಗೇ ಕರೆಯುತ್ತೇವೆ. ಅಮೆರಿಕದ ಮಗುವಿಗೆ ಅದು ಒಂದು ಪ್ರಾಣಿಯ ಹೆಸರು. ನಮ್ಮ ಮನೆಯ ಜಗಲಿಯಲ್ಲಿ ಕೂತು ನೋಡುವ ಮಗುವಿಗೆ, ಐರೋನ ಗುಡ್ಡದಿಂದ ಇಳಿದು ಬಂದ ಮೇಲೆ, ಕೊನೆಯ ಕಥೆ ಕೇಳಿಸುವುದೇ ಬೇರೆ. ಮೊದಲು ಒಬ್ಬ ತಂದೆ ಮಗನಿಗಾಗಿ ಅತ್ತ. ಈಗ ಒಂದು ಪುಟ್ಟ ಜೀವ ಊರೆಲ್ಲ ಅಪ್ಪನನ್ನು ಹುಡುಕುತ್ತಿದೆ.

ಅದರ ಕೈಯಲ್ಲಿ ಅಪ್ಪಾನ ಮೈಯಿಂದ ಉದುರಿದ ಒಂದು ಹಿಡಿ ಕೂದಲಿದೆ. ಕಾಡುಬೆಕ್ಕುಗಳು ಅಟ್ಟಿಸಿಕೊಂಡು ಬರುತ್ತವೆ. ಎಲ್ಲವೂ ಒಟ್ಟಿಗೆ ಮಾಂಸದಂಗಡಿಯವನ ಪಂಜರಕ್ಕೆ ಬೀಳುತ್ತವೆ. ತಾನು ಬಿಡಿಸಿಕೊಂಡ ಮೋಮೋ ಹಿಂದಿರುಗಿ ಆ ಬೆಕ್ಕುಗಳ ಬಾಗಿಲನ್ನೂ ತೆಗೆಯುತ್ತದೆ. ಋಣ ತೀರಿಸಲೆಂಬಂತೆ ಬೆಕ್ಕುಗಳು ಅದನ್ನು ಒಂದು ಬಯಲಿಗೆ ಕರೆದೊಯ್ದು ನಿಲ್ಲಿಸುತ್ತವೆ. ನೆಲದಲ್ಲಿ ಒಂದು ದೊಡ್ಡ ಹೆಜ್ಜೆ ಗುರುತು. ಅಪ್ಪಾ ಇಲ್ಲಿಗೆ ಬಂದಿದ್ದಾನೆ, ಈಗ ಇಲ್ಲ. ಮಳೆ ಬೀಳುತ್ತಿದೆ, ಹೆಜ್ಜೆಯಲ್ಲಿ ನೀರು ನಿಂತಿದೆ. ಮೋಮೋ ಕೈಯಲ್ಲಿದ್ದ ಕೂದಲನ್ನು ಹಿಡಿದುಕೊಂಡೇ ಆ ಹೆಜ್ಜೆಯೊಳಗೆ ಮುದುಡಿ ಮಲಗುತ್ತದೆ. ಅಲ್ಲಿಗೆ ಕಂತು ಮುಗಿಯುತ್ತದೆ.

"ಮುಂದಿನದು ಹಾಕಲಾ?" ಎಂದು ಕೇಳಿದೆ. ಮೊಮ್ಮಗಳು ಬೇಡ ಎಂದು ತಲೆಯಾಡಿಸಿ, ಎದ್ದು ಒಳಗೆ ಹೋಗಿ, ಊರಿನಲ್ಲಿಲ್ಲದ ತನ್ನ ಅಪ್ಪನಿಗೆ ಫೋನು ಹಚ್ಚಿಕೊಡು ಎಂದು ಅಜ್ಜಿಯನ್ನು ಕೇಳಿದಳು.